ವಡೆ ತಿನ್ನುವ ಹಕ್ಕು

ಮೂರಲ್ಲ, ಎರಡೇ ಇರಬೇಕು. ಇಷ್ಟು ವರ್ಷ ಮೂರೆಂದು ಹೇಳಿಕೊಂಡು ಬಂದಿದ್ದೇನೆ; ಮೂರೆಂದರೆ ಕೇಳುವವರು ಇನ್ನಷ್ಟು ನಗುತ್ತಾರೆ ಎಂಬ ಆಸೆ ಅದರ ಹಿಂದೆ ಇದ್ದಿರಬಹುದು. ಅತ್ತೆಯನ್ನು ಕೇಳಿದರೆ ಅವರೂ ಮೂರೇ ಎನ್ನುತ್ತಾರೆ. ಆದರೆ ಅತ್ತೆ ಆ ದಿನ ಅಲ್ಲಿರಲೇ ಇಲ್ಲ, ನನ್ನಿಂದ ಕೇಳಿದ್ದನ್ನೇ ನನಗೆ ವಾಪಸು ಹೇಳುತ್ತಾರೆ. ಅಡುಗೆಯ ಭಟ್ಟರ ಪ್ರಕಾರ ಒಂದೂವರೆ. ನಾನು ಹೇಳುತ್ತಿರುವುದು ಉದ್ದಿನ ವಡೆಯ ವಿಷಯ. ಅದನ್ನು ಯಾರು ತಿಂದರು, ಯಾಕೆ ತಿಂದರು ಎನ್ನುವುದಕ್ಕೆ ಮೊದಲು ನನ್ನ ಸೋದರಮಾವನ ಪರಿಚಯ ಮಾಡಿಕೊಡಬೇಕು. ಏಕೆಂದರೆ, ಗಿರಾಕಿ ಕೇಳಿದ ತಿಂಡಿಯನ್ನು ಮಾತ್ರ ಅವನಿಗೆ ಕೊಡಬಾರದು ಎಂಬ ತತ್ತ್ವದ ಮೇಲೆ ಹೋಟೆಲು ನಡೆಸಿದ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ!

ಮಾವ ಉಡುಪಿ ಕಡೆಯಿಂದ ಕಲ್ಕತ್ತೆಗೆ ಬಂದು ಬಾಲಿಗಂಜ್‌ನಲ್ಲಿ ಎಂಟು ಮೇಜಿನ ಹೋಟೆಲು ಇಟ್ಟಿದ್ದರು. ಮಾಳಿಗೆಯ ಮೇಲೆ ಮನೆ. ಕೇಂದ್ರ ಸರಕಾರದ ಗುಮಾಸ್ತಗಿರಿ ಸಿಕ್ಕಿ ನಾನು ಆ ಮನೆಗೆ ಬಂದು ಸೇರಿದಾಗ ಎಡರಂಗದ ಸರಕಾರ ಬಂದು ಏಳೋ ಎಂಟೋ ವರ್ಷವಾಗಿತ್ತು. ಒಳಗೆ ಕಾಲಿಟ್ಟ ಮೊದಲ ದಿನ ನಾನು ಕಂಡದ್ದು ಹೀಗೆ: ಗಲ್ಲಾಪೆಟ್ಟಿಗೆಯ ಮುಂದೆ ಸಾಲಾಗಿ ನಾಲ್ಕು ಜನ ಗೌರವಾನ್ವಿತ ಬಂಗಾಳಿ ಗೃಹಸ್ಥರು ನಾಲಿಗೆ ಚಾಚಿಕೊಂಡು ನಿಂತಿದ್ದಾರೆ. ಮಾವ ಒಂದೊಂದೇ ನಾಲಿಗೆ ನೋಡಿ ತೀರ್ಪು ಕೊಡುತ್ತಿದ್ದಾರೆ. "ಬಿಳೀ ಆಗಿದೆ. ನಿಮಗೆ ಮಸಾಲೆ ದೋಸೆ ಇಲ್ಲ, ಇಡ್ಲಿ. ಚಟ್ನಿ ಬೇಡ." "ನಿಮ್ಮದು ಅಡ್ಡಿ ಇಲ್ಲ. ಸೆಟ್ ದೋಸೆ ತಿನ್ನಿ, ಒಂದೇ."

ನೀವು ಕೇಳಬಹುದು, ಜನ ಯಾಕೆ ಬರುತ್ತಿದ್ದರು ಎಂದು. ಕಲ್ಕತ್ತೆ ನಿಮಗೆ ಗೊತ್ತಿಲ್ಲ! ಅಲ್ಲಿ ಮನುಷ್ಯನಿಗೆ ಹೆಸರು ಬರುವ ಮೊದಲೇ 'ಅಂಬೋಲ್' ಬರುತ್ತದೆ, ಅಂದರೆ ಹುಳಿತೇಗು. ಗಿರಾಕಿಯ ಹೊಟ್ಟೆಯ ಬಗ್ಗೆ ಇಷ್ಟು ಗಂಭೀರವಾಗಿ ಯೋಚಿಸುವ ಹೋಟೆಲಿನವನು ಸಿಕ್ಕಿದರೆ ಯಾವ ಬಂಗಾಳಿ ತಾನೇ ಬಿಟ್ಟಾನು?

ಇಷ್ಟಾದರೆ ಮಾವ ಬರೀ ವಿಚಿತ್ರ ಮನುಷ್ಯ ಎಂದು ಸುಮ್ಮನಾಗಬಹುದಿತ್ತು. ತಮಾಷೆ ಎಂದರೆ, ಬೆಳಗಿನಿಂದ ಸಂಜೆಯ ತನಕ ಇನ್ನೊಬ್ಬರ ಹೊಟ್ಟೆಯ ಮೇಲೆ ರಾಜ್ಯಭಾರ ಮಾಡುತ್ತಿದ್ದ ಈ ಮಾವ ವಾದಕ್ಕೆ ಕೂತರೆ ವ್ಯಕ್ತಿಸ್ವಾತಂತ್ರ್ಯದ ಕಟ್ಟಾಳು!

ಅವರ ಎದುರಾಳಿ ಮಾಸ್ಟರ್‌ಮಶಾಯ್. ಇತಿಹಾಸ ಕಲಿಸಿ ನಿವೃತ್ತರಾದವರು, ಒಂಟಿ ಜೀವ, ಎಡಪಂಥೀಯರು. ಹೊಟ್ಟೆಯಲ್ಲಿ ಹಳೆಯ ಹುಣ್ಣು, ಕಂಕುಳಲ್ಲಿ ಕೊಡೆ, ನವೆಂಬರ್ ಬಂತೆಂದರೆ ತಲೆಗೆ ಮಂಕಿ ಟೋಪಿ. ದಿನಾ ಹತ್ತು ಗಂಟೆಗೆ ಬಂದು ಮೂಲೆಯ ಮೇಜಿನಲ್ಲಿ ಕೂತು ಉದ್ದಿನ ವಡೆ ಕೇಳುತ್ತಿದ್ದರು. ಮಾವ ದಿನಾ ಇಡ್ಲಿ, ಮೊಸರು ಕೊಡುತ್ತಿದ್ದರು. ಹೀಗೆ ಎಂಟು ವರ್ಷ! ಅವರಿಬ್ಬರ ಮಾತು ಹಿಂದಿ, ಬಂಗಾಳಿ, ಇಂಗ್ಲಿಷುಗಳ ಮಿಶ್ರಣ. ಕನ್ನಡಕ್ಕೆ ತರುವಾಗ ಇಬ್ಬರನ್ನೂ ಇದ್ದುದಕ್ಕಿಂತ ಜಾಣರನ್ನಾಗಿ ಮಾಡುತ್ತಿದ್ದೇನೆಂಬ ಅನುಮಾನ ನನಗಿದೆ.

"ಔಷಧಿ ಕೊಡುವುದು ಸಮಾಜದ ಕರ್ತವ್ಯ, ದಾದಾ. ದಾನ ಅಲ್ಲ, ಕರ್ತವ್ಯ," ಎನ್ನುತ್ತಿದ್ದರು ಮಾಸ್ಟರ್.

"ಇವತ್ತು ಔಷಧಿ ಕೊಡ್ತದೆ ನಿಮ್ಮ ಸರಕಾರ. ನಾಳೆ ಅದು ತಿನ್ನು, ಇದು ತಿನ್ನಬೇಡ ಅಂತ ಹೇಳ್ತದೆ. ಹೊಟ್ಟೆ ನನ್ನದಾ, ಸರಕಾರದ್ದಾ?" ಎಂದು ಗುಡುಗುತ್ತಾ ಮಾವ ಪಕ್ಕದ ಮೇಜಿನವನ ಮುಂದಿದ್ದ ಪೂರಿ ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವನ ಕಣ್ಣು ಹಳದಿಯಾಗಿ ಕಂಡಿತಂತೆ!

"ಸರಿ. ನಿಮ್ಮ ಪಾತ್ರೆ ತೊಳೆಯುವವನಿಗೆ ಕ್ಷಯ ಬಂತು ಅನ್ನಿ. ಅದು ಅವನೊಬ್ಬನ ಸ್ವಾತಂತ್ರ್ಯವೋ?"

"ಅವನನ್ನು ನಾನು ನೋಡಿಕೊಳ್ತೇನೆ. ನಾನಿಲ್ಲವಾ?"

"ನೀವು ಇಲ್ಲದ ದಿನ?"

ಈ ಮಾತಿಗೆ ಮಾವ ಮಾಸ್ಟರಿಗೆ ಇನ್ನೊಂದು ಬಟ್ಟಲು ಮೊಸರು ಹಾಕುತ್ತಿದ್ದರು.

ಇನ್ನು ನಾನು. ನನ್ನ ಬಗ್ಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಕಲ್ಕತ್ತೆಗೆ ಬಂದ ಮೂರೇ ತಿಂಗಳಲ್ಲಿ ನಾನು ಗಡ್ಡ ಬಿಟ್ಟೆ, ಜೋಳಿಗೆ ನೇತುಹಾಕಿದೆ, ಮಾಸ್ಟರ ಶಿಷ್ಯನಾದೆ. ಸರಕಾರ ಪ್ರತಿಯೊಬ್ಬ ಪ್ರಜೆಯ ಆರೋಗ್ಯದ ಹೊಣೆ ಹೊರಬೇಕು, ಬೇಡವೆಂದರೂ ಹೊರಬೇಕು, ಅಗತ್ಯ ಬಿದ್ದರೆ ರೋಗಿಯನ್ನೂ ಹೊತ್ತುಕೊಂಡು ಹೋಗಬೇಕು ಎಂದು ಮಾವನ ಮನೆಯ ಅನ್ನ ಉಂಡು ಮಾವನ ಎದುರೇ ವಾದಿಸುತ್ತಿದ್ದೆ. ಆದರೆ ಮಾವ ನನ್ನ ನಾಲಿಗೆ ನೋಡಿ ವಡೆ ನಿರಾಕರಿಸಿದರೆ ಮಾತ್ರ, ಎಲ್ಲಿದ್ದನೋ ಏನೋ, ನನ್ನೊಳಗಿನ ಸ್ವತಂತ್ರ ವ್ಯಕ್ತಿ ಎದ್ದು ಕೂಗುತ್ತಿದ್ದ: "ನನ್ನ ಹೊಟ್ಟೆ ನನ್ನದು, ಮಾವ!" ಅತ್ತೆಗೆ ಒಮ್ಮೆ ಸಾಕಾಗಿ, "ನೀವಿಬ್ಬರೂ ಮಾತು ಅದಲುಬದಲು ಮಾಡಿಕೊಳ್ಳಿ ಮಾರಾಯ್ರೆ, ಸರಿಯಾಗ್ತದೆ" ಎಂದುಬಿಟ್ಟರು. ಆ ಮನೆಯಲ್ಲಿ ರಾಜಕೀಯ ಅರ್ಥವಾದದ್ದು ಅವರೊಬ್ಬರಿಗೇ.

ವಡೆಯ ವಿಷಯದಲ್ಲಿ ನಾನೊಂದು ಚಳವಳಿಯನ್ನೂ ನಡೆಸಿದ್ದೇನೆ. ಒಂದು ಸಂಜೆ ಮಾಸ್ಟರನ್ನೇ ನಾಯಕನನ್ನಾಗಿ ಮಾಡಿ, ಆರೇಳು ಗಿರಾಕಿಗಳನ್ನು ಕೂಡಿಸಿಕೊಂಡು ಗಲ್ಲಾದ ಸುತ್ತ ಘೇರಾವ್ ಹಾಕಿದೆವು. "ಚೊಲ್ಬೆ ನಾ, ಚೊಲ್ಬೆ ನಾ!" ಎಂದು ಕೂಗಿದೆವು. ನಡೆಯೋದಿಲ್ಲ, ನಡೆಯೋದಿಲ್ಲ ಎಂದರ್ಥ. ಆ ಊರಿನಲ್ಲಿ ಮಕ್ಕಳು ಅಮ್ಮಾ ಎಂದ ಮೇಲೆ ಕಲಿಯುವ ಮಾತು ಅದೇ. ಮಾವ ಅಲ್ಲಾಡಲಿಲ್ಲ. ಕೂಗಿ ಗಂಟಲು ಒಣಗಿದವರಿಗೆ ಮಜ್ಜಿಗೆ ಕೊಡಿಸಿದರು. ಕರೆಂಟು ಹೋಯಿತು. ಕತ್ತಲಲ್ಲೇ ನಮ್ಮ ಕ್ರಾಂತಿ ಮುಂದುವರಿಯುತ್ತಿದ್ದಾಗ ಮಾವನ ದನಿ ಕೇಳಿತು: "ಮಾಸ್ಟರ್‌ಮಶಾಯ್, ಆರೂವರೆ ಆಯ್ತು. ನಿಮ್ಮ ಮಾತ್ರೆ?"

"ಅರೆ, ಹೌದಲ್ಲ!" ಎಂದು ಮಾಸ್ಟರ್ ಎದ್ದು ಕೊಡೆ ಹುಡುಕಿಕೊಂಡು ಹೊರಟರು. ನಾಯಕನೇ ಹೊರಟ ಮೇಲೆ ಉಳಿದವರೂ ಹೊರಟರು. ಕೊನೆಗೆ ಮಾವನನ್ನು ಘೇರಾವ್ ಮಾಡಿಕೊಂಡು ಉಳಿದವನು ನಾನೊಬ್ಬನೇ. "ಮೇಣದಬತ್ತಿ ಹಚ್ಚು, ಹೋಗು," ಎಂದರು. ಹಚ್ಚಿದೆ.

ನನ್ನ ಸಿದ್ಧಾಂತಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಕಾಮಾಲೆ ಬಂದಾಗ. ಸರಕಾರಿ ಆಸ್ಪತ್ರೆಯೇ ಬಡವನ ದೇವಸ್ಥಾನ ಎಂದು ಭಾಷಣ ಮಾಡಿದ್ದ ನಾನು ಹಳದಿ ಕಣ್ಣು ಬಿಟ್ಟುಕೊಂಡು, "ಮಾವ, ಯಾವುದಾದರೂ ಒಳ್ಳೆಯ ನರ್ಸಿಂಗ್ ಹೋಮ್..." ಎಂದು ಗೋಗರೆದೆ. ಮಾವ ನನ್ನನ್ನು ಟ್ಯಾಕ್ಸಿಗೆ ತುಂಬಿ ನೇರವಾಗಿ ಸರಕಾರಿ ಆಸ್ಪತ್ರೆಯಲ್ಲಿ ಇಳಿಸಿದರು! "ನೀನೇ ಹೇಳಿದ್ದಲ್ಲವಾ? ಈಗ ಸಮಾಜ ನೋಡಿಕೊಳ್ತದೆ."

ಸಮಾಜ ನೋಡಿಕೊಂಡಿತು. ಒಂದು ಮಂಚಕ್ಕೆ ಇಬ್ಬರು. ನನ್ನ ಪಾಲಿಗೆ ಬಂದವನು ಒಬ್ಬ ಟ್ರಾಮ್ ಕಂಡಕ್ಟರ್; ನಿದ್ದೆಯಲ್ಲೂ ನನ್ನನ್ನು ಒಳಗೆ ಸರಿಯಿರಿ ಎಂದು ತಳ್ಳುತ್ತಿದ್ದ. ಮಂಚದ ಕೆಳಗೊಂದು ಬೆಕ್ಕು. ಮೊದಲ ದಿನವೆಲ್ಲ ನಾನು ಖಾಸಗಿ ಆಸ್ತಿಯ ಬಗ್ಗೆ, ವಿಶೇಷವಾಗಿ ಖಾಸಗಿ ದಿಂಬಿನ ಬಗ್ಗೆ, ಆಳವಾಗಿ ಚಿಂತಿಸಿದೆ. ಡಾಕ್ಟರು ಮಾತ್ರ ಬಂಗಾರದಂಥವರು, ಗುಣ ಮಾಡಿಯೇ ಕಳಿಸಿದರು. ಮಾವನೋ, ದಿನಾ ಬಂದು ವಾರ್ಡಿನ ಬೇಳೆಸಾರು ಮೂಸಿ ನೋಡಿ, ರೋಗಿಗಳ ನಾಲಿಗೆ ಪರೀಕ್ಷೆಗೆ ಶುರು ಮಾಡಿದ್ದರು. ನಾಲ್ಕನೇ ದಿನ ದಪ್ಪ ಕನ್ನಡಕದ ನರ್ಸ್ ದೀದಿ ಅವರ ತೋಳು ಹಿಡಿದು ಹೊರಗೆ ಕಳಿಸಿದರು. "ನೋಡಿದ್ಯಾ? ಮನುಷ್ಯನ ಸ್ವಾತಂತ್ರ್ಯ ಎಲ್ಲುಂಟು ಇಲ್ಲಿ?" ಎಂದು ಮಾವ ಬಾಗಿಲಿನಿಂದಲೇ ಕೂಗಿದ್ದು ನೆನಪಿದೆ. ನೆನಪಿದೆಯೋ, ಕೂಗಿದ್ದರೆ ಚೆನ್ನಾಗಿತ್ತು ಎಂದು ಸೇರಿಸಿಕೊಂಡೆನೋ?

ಈಗ ಆ ಭಾನುವಾರ. ಭಾನುವಾರ ಹೌದು, ಏಕೆಂದರೆ ನಾನು ಆಫೀಸಿಗೆ ಹೋಗಿರಲಿಲ್ಲ. ಅತ್ತೆ ಅಲಿಪುರದಲ್ಲಿ ನೆಂಟರ ಮನೆಗೆ ಹೋಗಿದ್ದರು. ಭಟ್ಟರು ಮಾಳಿಗೆ ಹತ್ತಿ ಬಂದು, "ಅಣ್ಣನಿಗೆ ಎಂತದೋ ಆಗ್ತಾ ಉಂಟು, ಬನ್ನಿ" ಎಂದರು. ಓಡಿ ಇಳಿದೆ. ಡಿಸೆಂಬರಿನ ಚಳಿಯಲ್ಲಿ ಮಾವ ಗಲ್ಲಾದ ಮುಂದೆ ಬೆವರಿ ಒದ್ದೆಯಾಗಿ ಕೂತಿದ್ದರು. ಬಲಗೈಯಿಂದ ಎಡಗೈ ಒತ್ತಿಕೊಳ್ಳುತ್ತಿದ್ದರು. ನಮ್ಮ ಬೀದಿಯ ಡಾಕ್ಟರು ಬಂದು ನೋಡಿ, "ಈಗಲೇ ಆಸ್ಪತ್ರೆ. ಈ ಗಳಿಗೆಯೇ," ಎಂದರು.

"ನಾನು ಬರುದಿಲ್ಲ," ಎಂದರು ಮಾವ. "ಎದೆ ನನ್ನದು. ನನಗೆ ಬೇಡ."

ಬೀದಿಯ ಕ್ಲಬ್ಬಿನ ಹುಡುಗರು ಮಾವನನ್ನು ಕುರ್ಚಿ ಸಮೇತ ಎತ್ತಲು ಸಿದ್ಧರಾಗಿ ನಿಂತರು. "ಮುಟ್ಟಿದರೆ ಕೇಸು ಹಾಕ್ತೇನೆ!" ಮಾವನ ದನಿಯಲ್ಲಿ ಗಾಳಿಯೇ ಇರಲಿಲ್ಲ, ಆದರೂ ಅವರು ಹಿಂದೆ ಸರಿದರು. ಎಲ್ಲರೂ ನನ್ನ ಮುಖ ನೋಡಿದರು. ರೋಗಿಯನ್ನು ಹೊತ್ತಾದರೂ ಒಯ್ಯಬೇಕು ಎಂದು ಎರಡು ವರ್ಷ ಭಾಷಣ ಮಾಡಿದವನು ನಾನು ತಾನೇ? ನನ್ನ ಬಾಯಿಂದ ಬಂದದ್ದು, "ಮಾವ, ನಿಮ್ಮ ಇಷ್ಟ..."

ಹತ್ತು ಗಂಟೆಗೆ ಸರಿಯಾಗಿ ಮಾಸ್ಟರ್ ಬಂದರು. ಕೊಡೆ, ಮಂಕಿ ಟೋಪಿ. ಡಾಕ್ಟರು ಅವರ ಕಿವಿಯಲ್ಲಿ ಏನೋ ಹೇಳಿದರು. ಮಾಸ್ಟರ್ ವಾದ ಮಾಡಲಿಲ್ಲ. ಟೋಪಿ ತೆಗೆದು, ಮೂಲೆ ಬಿಟ್ಟು ಗಲ್ಲಾದ ಎದುರಿನ ಮೇಜಿನಲ್ಲೇ ಕೂತು ನನಗೆ ಹೇಳಿದರು: "ಬಾಬಾ, ಒಂದು ವಡೆ ತಾ."

"ಕೊಡಬೇಡ," ಎಂದರು ಮಾವ.

"ಹೊಟ್ಟೆ ನನ್ನದು, ದಾದಾ. ನೀವೇ ಕಲಿಸಿದ್ದು. ನೀವು ಟ್ಯಾಕ್ಸಿ ಹತ್ತುವ ತನಕ ನಾನು ವಡೆ ತಿನ್ನುತ್ತಾ ಇರುತ್ತೇನೆ."

ಉಪವಾಸ ಮುಷ್ಕರ ಎಲ್ಲರೂ ಮಾಡುತ್ತಾರೆ. ತಿನ್ನುವ ಮುಷ್ಕರವನ್ನು ನಾನು ಕಂಡದ್ದು ಅದೊಂದೇ ಸಲ! ಮಾವ ಬೇಡವೆಂದರು, ಮಾಸ್ಟರ್ ಬೇಕೆಂದರು. ನಾನು ಒಳಗೆ ಹೋಗಿ ಭಟ್ಟರ ಕೈಯಿಂದ ತಟ್ಟೆ ತೆಗೆದುಕೊಂಡು ಬಂದು ಇಟ್ಟೆ. ಮಾಸ್ಟರ್ ಹಸಿಮೆಣಸಿನ ಚಟ್ನಿಯಲ್ಲಿ ಅದ್ದಿ, ಅವಸರವಿಲ್ಲದೆ, ಮಾವನ ಕಣ್ಣಲ್ಲಿ ಕಣ್ಣಿಟ್ಟು ತಿಂದರು. ಹಣೆಯಲ್ಲಿ ಬೆವರು ಮೂಡಿತು. ಒಬ್ಬರ ಎದುರು ಒಬ್ಬರು, ಇಬ್ಬರೂ ಬೆವರುತ್ತಾ ಕೂತಿದ್ದರು.

"ಎಷ್ಟು ಚೆನ್ನಾಗಿದೆ, ದಾದಾ! ಎಂಟು ವರ್ಷ ಮುಚ್ಚಿಟ್ಟಿರಲ್ಲ, ಏ ಕೀ ಅನ್ಯಾಯ!" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಇನ್ನೊಂದು," ಎಂದರು. ತಂದುಕೊಟ್ಟೆ.

ಇಲ್ಲಿಂದ ಮುಂದೆ ನನಗೆ ಸ್ಪಷ್ಟವಿಲ್ಲ. ಎರಡನೆಯದು ಅರ್ಧವಾಗಿದ್ದಾಗ ಮಾವ ಕಿತ್ತುಕೊಂಡರು ಎನ್ನುತ್ತಾರೆ ಭಟ್ಟರು. ಮಾಸ್ಟರ್ ಅದನ್ನು ಪೂರ್ತಿ ತಿಂದು, ಮೂರನೆಯದಕ್ಕೆ ಬೆರಳು ಎತ್ತಿದ್ದು ನನ್ನ ಕಣ್ಣ ಮುಂದಿದೆ. ಅದೇನೇ ಇರಲಿ, ಮಾವ ಗಲ್ಲಾ ಹಿಡಿದುಕೊಂಡು ಎದ್ದು ನಿಂತರು. "ಟ್ಯಾಕ್ಸಿ ಕರಿ ಮಾರಾಯ. ಮೊದಲು ಆ ತಟ್ಟೆ ತೆಗಿ."

ಅದೇ ಸರಕಾರಿ ಆಸ್ಪತ್ರೆ. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು. ಮಾವ ಉಳಿದರು. ಕಣ್ಣು ತೆರೆದು ಕೇಳಿದ ಮೊದಲ ಪ್ರಶ್ನೆ, "ಮಾಸ್ಟರ ಹೊಟ್ಟೆ ಹೇಗುಂಟು?" ಚೆನ್ನಾಗಿದೆ ಎಂದೆ. ಆಗ ಚೆನ್ನಾಗಿಯೇ ಇತ್ತು.

ಫಾಲ್ಗುಣದಲ್ಲಿ ಮಾಸ್ಟರ ಹುಣ್ಣು ಒಡೆಯಿತು. ಎರಡೇ ದಿನ, ಹೋಗಿಬಿಟ್ಟರು. ಎರಡೂವರೆ ತಿಂಗಳ ಹಿಂದಿನ ವಡೆಗೂ ಇದಕ್ಕೂ ಸಂಬಂಧವಿಲ್ಲ, ಹಳೆಯ ಹುಣ್ಣು, ಯಾವತ್ತಾದರೂ ಒಡೆಯುವುದೇ ಎಂದು ಡಾಕ್ಟರು ಮಾವನಿಗೆ ಬಿಡಿಸಿ ಹೇಳಿದರು. ನಾನೂ ಹೇಳಿದೆ. ಪ್ರತಿ ಸಲವೂ ಮಾವ ತಲೆಯಾಡಿಸಿದರು.

ಅದಾದ ಮೇಲೆ ನಮ್ಮ ಹೋಟೆಲಿನಲ್ಲಿ ನಾಲಿಗೆ ನೋಡುವುದು ನಿಂತಿತು. ಯಾರು ಏನು ಕೇಳಿದರೆ ಅದು. ಅಭ್ಯಾಸಬಲದಿಂದ ಗಲ್ಲಾದ ಮುಂದೆ ನಾಲಿಗೆ ಚಾಚುತ್ತಿದ್ದ ಮುದುಕರು ಕೆಲವರಿದ್ದರು; ಮಾವ ಗೋಡೆಯ ಕಡೆ ನೋಡುತ್ತಾ, "ಎಂತ ಬೇಕು, ಹೇಳಿ" ಎನ್ನುತ್ತಿದ್ದರು. ನಾನು ಒಮ್ಮೆ ವಡೆ ಕೇಳಿದೆ. ಅವರೇ ತಂದು ಇಟ್ಟರು. ಎರಡು ವರ್ಷ ಹೋರಾಡಿ ಪಡೆದ ವಡೆ! ತಣ್ಣಗಾಗುವ ತನಕ ನೋಡುತ್ತಾ ಕೂತೆ. "ಬೇಡ ಮಾವ, ಇಡ್ಲಿ ಕೊಡಿ," ಎಂದೆ. ತಟ್ಟೆ ತೆಗೆದುಕೊಂಡು ಹೋದರು.

ಆಮೇಲೆ ಒಂದು ಮಧ್ಯಾಹ್ನ, ಹೋಟೆಲು ಖಾಲಿಯಿದ್ದಾಗ, ಮೇಜು ಒರೆಸುತ್ತಾ ನನ್ನ ಮುಖ ನೋಡದೆ ಕೇಳಿದರು: "ಅವತ್ತು ನನಗೆ ಕಣ್ಣು ಕತ್ತಲೆ ಬಂದ ಹಾಗೆ ಇತ್ತು. ಮಾಸ್ಟರ್ ಎಷ್ಟು ತಿಂದರು? ನೀನೇ ಅಲ್ಲವಾ ತಂದು ಕೊಟ್ಟದ್ದು?"

"ಒಂದು, ಮಾವ," ಎಂದೆ. "ಒಂದೇ ಒಂದು. ಅದೂ ಚಿಕ್ಕದು."

ಅವರು ಅದೇ ಮೇಜನ್ನು ಮತ್ತೊಮ್ಮೆ ಒರೆಸಿದರು. ನನ್ನನ್ನು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅವರು ಹೋಗಿಯೂ ಬಹಳ ವರ್ಷವಾಯಿತು. ನಗಿಸಬೇಕಾದಾಗ ಮೂರು ಎನ್ನುತ್ತೇನೆ, ಮಾವನಿಗೆ ಒಂದು ಎಂದಿದ್ದೆ. ನಿಜವಾಗಿ ಎಷ್ಟು ವಡೆ ತಂದಿಟ್ಟೆನೋ ನನಗೆ ಗೊತ್ತಿಲ್ಲ.