ಐದು ತಾರೆಯರೊಳಗ ಯಾರನ್ನ ಕರೀಬೇಕು?

ನಾನು ಯಾರಿಗಾದರೂ ಬುದ್ಧಿ ಹೇಳಿದರೆ ಸಾಕು, ಅದು ತಲೆಕೆಳಗಾಗೇ ತೀರುತ್ತದೆ. ಈಗೀಗ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದರೂ ಸುಮ್ಮನಿರುತ್ತೇನೆ.

ಬಾಗಲಕೋಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಟಿವಿಯ ಒಂದು ಪ್ರಶ್ನೋತ್ತರ ಆಟಕ್ಕೆ ನಮ್ಮ ಕಡೆಯಿಂದ ಆಯ್ಕೆಯಾದವರ ಪರಿಚಯದ ವಿಡಿಯೋ ತೆಗೆದು, ಅವರನ್ನು ರೈಲಿನಲ್ಲಿ ಬೆಂಗಳೂರಿಗೆ ಮುಟ್ಟಿಸುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ಆಟ ಸರಳ. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ತೋರಿಸುತ್ತಾರೆ. ಗೊತ್ತಾಗದಿದ್ದರೆ ಎದುರಿನ ಕುರ್ಚಿಗಳಲ್ಲಿ ಕೂತ ಐವರು ತಾರೆಯರಲ್ಲಿ ಒಬ್ಬರನ್ನು ಕರೆದು ಕೇಳಬಹುದು, ಅದೂ ಒಂದೇ ಸಲ. ಒಬ್ಬ ಹಾಸ್ಯನಟ, ಒಬ್ಬ ಧಾರಾವಾಹಿಯ ನಟಿ, ಒಬ್ಬ ಖಳನಟ, ಒಬ್ಬ ಕ್ರಿಕೆಟ್ ಆಟಗಾರ, ಒಬ್ಬ ಹಿರಿಯ ಗಾಯಕ. ಅವರು ಹೇಳಿದ್ದನ್ನು ಒಪ್ಪುವುದು ಬಿಡುವುದು ಆಡುವವರಿಗೆ ಬಿಟ್ಟದ್ದು. ಯಾರನ್ನು ಕರೆಯಬೇಕು ಅನ್ನುವುದರಲ್ಲೇ ಆಟದ ಮರ್ಮ ಇದೆ ಅಂತ ನಾನು ನಂಬಿದ್ದೆ. ಗದಗ ದಾಟುವುದರೊಳಗೆ ಎಲ್ಲರಿಗೂ ಪಾಠ ಮುಗಿಸುತ್ತಿದ್ದೆ.

೧. ಗೈಡ್

ಮೊದಲು ಕರಕೊಂಡು ಹೋದದ್ದು ಬಾದಾಮಿಯ ಒಬ್ಬ ಗೈಡ್‌ನನ್ನು. ಇಪ್ಪತ್ತು ವರ್ಷದಿಂದ ಗುಹೆ ತೋರಿಸಿದವ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಮಾತ್ರ ತಾರೆಯರನ್ನು ಕರಿ ಅಂತ ಹತ್ತು ಸಲ ಹೇಳಿದ್ದೆ.

ಅವನ ಪುಣ್ಯ ನೋಡಿ, ಬಂದ ಪ್ರಶ್ನೆಯೇ ಬಾದಾಮಿಯ ಮೊದಲನೇ ಗುಹೆಯ ನಟರಾಜನಿಗೆ ಎಷ್ಟು ಕೈ ಅಂತ. ಹದಿನೆಂಟು. ಅವನು ದಿನಕ್ಕೆ ನಾಲ್ಕು ಸಲ ಬೆರಳು ಮಾಡಿ ಎಣಿಸಿ ತೋರಿಸುವ ಕೈಗಳು. ನಾನು ಕೆಳಗೆ ಕೂತು ಚಪ್ಪಾಳೆಗೆ ತಯಾರಾದೆ. ಇವನು ಮಾತ್ರ ಹಾಸ್ಯನಟನನ್ನು ಕರೆದ. ಅಷ್ಟು ದೊಡ್ಡ ಮನುಷ್ಯ ಎದುರಿಗೆ ಕೂತಾಗ ಮಾತಾಡಿಸದೆ ಬರುವುದು ಹೇಗೆ ಅನ್ನಿಸಿತಂತೆ. ಹಾಸ್ಯನಟ ಗಲ್ಲ ಕೆರೆದುಕೊಂಡು ಹದಿನಾರು ಅಂದ.

ನಮ್ಮ ಗೈಡ್ ಎರಡೂ ಕೈ ಜೋಡಿಸಿ, "ಕರೆಕ್ಟ್ ಸರ್, ಹದಿನಾರು," ಅಂದುಬಿಟ್ಟ.

ಸೋತು ಕೆಳಗಿಳಿದ ಮೇಲೆ ಯಾಕೆ ಹೀಗೆ ಮಾಡಿದೆ ಅಂತ ಕೇಳಿದೆ. ಅವನು ತಲೆ ತಗ್ಗಿಸಿ ಹೇಳಿದ, "ಏನ್ ಮಾಡ್ಲಿರಿ, ಇಪ್ಪತ್ತು ವರ್ಷದಾಗ ಹೊರಗಿಂದ ಬಂದವ್ರಿಗೆ ಒಮ್ಮಿನೂ ತಪ್ಪು ಅಂದಿಲ್ಲ. ಅವ್ರು ಹತ್ತು ಅಂದಿದ್ರೂ ಹ್ಞೂಂ ಅಂತಿದ್ದೆ."

೨. ಡಾಕ್ಟರ್ ಸೊಸಿ

ಇಳಕಲ್ಲಿನಲ್ಲಿ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಒಬ್ಬರಿದ್ದರು, ಮಗ್ಗದ ಮನೆಯವರು. ಸಂಜೆಯಾದರೆ ಮಗ್ಗದ ಸದ್ದು ನಿಲ್ಲಿಸಿ ಧಾರಾವಾಹಿ ನೋಡುವವರು. ಅದರಲ್ಲಿ ಡಾಕ್ಟರ್ ಸೊಸೆಯ ಪಾತ್ರ ಮಾಡುವ ನಟಿಯೇ ಆ ಐವರಲ್ಲಿ ಒಬ್ಬಳು. ಧಾರಾವಾಹಿ ನೋಡಿ ಆರಿಸಬೇಡಿ, ರೋಗದ ಪ್ರಶ್ನೆ ಬಂದರೆ ಕ್ರಿಕೆಟ್ ಆಟಗಾರನನ್ನು ಕರೀರಿ, ಮೈತುಂಬ ಗಾಯ ಮಾಡಿಕೊಂಡು ವರ್ಷದಲ್ಲಿ ಆರು ತಿಂಗಳು ದವಾಖಾನೆಯಲ್ಲೇ ಇರ್ತಾನೆ ಅಂತ ನಾನು ತಿಳಿಸಿ ಹೇಳಿದ್ದೆ.

ಇನ್ಸುಲಿನ್ ತಯಾರಾಗುವುದು ದೇಹದ ಯಾವ ಭಾಗದಲ್ಲಿ ಅಂತ ಪ್ರಶ್ನೆ ಬಂತು. ಕಾಕು ಕ್ರಿಕೆಟ್ ಆಟಗಾರನ ಕಡೆ ಕಣ್ಣೆತ್ತಿಯೂ ನೋಡದೆ ಸೊಸೆಯನ್ನು ಕರೆದರು. ಪಾಪ, ಆ ಹುಡುಗಿ ಪ್ರಾಮಾಣಿಕಳು. ತನಗೆ ಗೊತ್ತಿಲ್ಲ, ತಾನು ಡಾಕ್ಟರ್ ಅಲ್ಲ, ಓದಿದ್ದು ಬಿ.ಕಾಂ ಅಂದಳು.

ಕಾಕು ಆಕೆಯ ಕಡೆ ಬಾಗಿದರು. ಆಮೇಲೆ ಮೆಲ್ಲಗೆ, "ಹಂಗಾದ್ರ ಹೋದ ವಾರ ನಿಮ್ಮ ಮಾವನ ಆಪರೇಷನ್ ಯಾರು ಮಾಡಿದ್ರವಾ?" ಅಂದರು.

ಉತ್ತರ ಹೇಳುವ ಸಮಯ ಅದರಲ್ಲೇ ಕಳೆದು ಆಟ ಅಲ್ಲಿಗೇ ಮುಗಿಯಿತು. ವಾಪಸ್ ಬರುವಾಗ ಕಾಕು ಕಿಟಕಿ ಪಕ್ಕ ಬುತ್ತಿಯನ್ನೂ ಬಿಚ್ಚದೆ ಕೂತಿದ್ದರು. ಸೋತ ದುಃಖ ಅಂದುಕೊಂಡು ಸಮಾಧಾನ ಮಾಡಲು ಹೋದೆ. "ಸೋತದ್ದು ಹಾಳಾಗ್ಲಿ ತಮ್ಮಾ," ಅಂದರು. "ಬಿ.ಕಾಂ ಓದಿದಾಕಿ ಎದಿ ಕೊಯ್ದಾಳ. ಆ ಮನಷ್ಯಾನ್ನ ಇನ್ನೊಂದು ದವಾಖಾನಿಗೆ ತೋರಸ್ರಿ ಅಂತ ಟಿವಿಯವ್ರಿಗೆ ಒಂದು ಫೋನ್ ಹಚ್ಚು."

೩. ಮಾಸ್ತರರ ಪರೀಕ್ಷೆ

ಹುನಗುಂದದ ನಿವೃತ್ತ ಹೆಡ್ ಮಾಸ್ತರರಿಗೆ ಖಳನಟನನ್ನು ಕರೀರಿ, ಓದಿಕೊಂಡವ ಅಂತ ಹೇಳಿದ್ದೆ. ಪರೀಕ್ಷೆ ಮಾಡದೆ ಯಾರನ್ನೂ ತಗೊಳ್ಳುವುದಿಲ್ಲ ಅಂದರು. ಸುಮ್ಮನೆ ಮಾತಿಗೆ ಹೇಳುತ್ತಾರೆ ಅಂದುಕೊಂಡೆ.

ಪ್ರಶ್ನೆ ಬಂತು. ಮಾಸ್ತರರು ಇನ್ನೂ ಯಾರನ್ನೂ ಆರಿಸದೆ ಖಳನಟನ ಕಡೆ ಬೆರಳು ಮಾಡಿ, ಮೊದಲು ಹದಿನೇಳರ ಮಗ್ಗಿ ಹೇಳು ಅಂದರು. ಸಿನೆಮಾದಲ್ಲಿ ಊರಿಗೆ ಊರನ್ನೇ ನಡುಗಿಸುವ ಆ ಆರಡಿ ಆಳು ತಟ್ಟನೆ ಎದ್ದು ಕೈ ಕಟ್ಟಿ ನಿಂತ. ಹದಿನೇಳು ಏಳಕ್ಕೆ ಬಂದು ತಡವರಿಸಿದ. ಮಾಸ್ತರರು ಪಕ್ಕದವನ ಕಡೆ ತಿರುಗಿದರು. ಕ್ರಿಕೆಟ್ ಆಟಗಾರ ಎದ್ದು ನಿಂತ. ನಟಿ ನಿಂತಳು. ಹಾಸ್ಯನಟ ನಿಂತ. ಕೊನೆಗೆ ಎಪ್ಪತ್ತು ದಾಟಿದ ಗಾಯಕರೂ ಕುರ್ಚಿ ಹಿಡಕೊಂಡು ಎದ್ದರು. ಒಬ್ಬರಿಗೂ ಬರಲಿಲ್ಲ. ಅಷ್ಟರಲ್ಲಿ ಸಮಯ ಮುಗಿದು ಗಂಟೆ ಹೊಡೆಯಿತು. ಮಾಸ್ತರರು ಕೋಟು ಜಾಡಿಸಿಕೊಂಡು, ಯಾರೂ ಪಾಸಾಗಿಲ್ಲ ಅಂತ ಹೇಳಿ ಹೊರಟು ಬಂದರು.

ಅವರು ಚಹಾ ಕುಡಿದು ಮುಗಿಸುವ ಹೊತ್ತಿಗೂ ಐದೂ ಮಂದಿ ನಿಂತೇ ಇದ್ದರು. ನಿರ್ದೇಶಕ ಬಂದು ಕೂತ್ಕೊಳ್ಳಿ ಅಂತ ಬೇಡಿಕೊಂಡ. ಖಳನಟ ಮೆಲ್ಲಗೆ ಅಂದ, "ಮೇಷ್ಟ್ರು ಇನ್ನೂ ಹೇಳಿಲ್ಲ."

೪. ಖಾನಾವಳಿ ಅಕ್ಕಾರು

ಕೊನೆಗೆ ಕರಕೊಂಡು ಹೋದದ್ದು ಬಾದಾಮಿ ಸ್ಟೇಷನ್ ಹತ್ತಿರ ಖಾನಾವಳಿ ನಡೆಸುವ ಅಕ್ಕಾರನ್ನು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಒಲೆ ಮುಂದೆ ನಿಂತು ಮೂವರು ಹೆಣ್ಣುಮಕ್ಕಳನ್ನು ಓದಿಸಿದವರು. ರಸ್ತೆ ಅಗಲ ಮಾಡುವವರು ಬಂದು ಖಾನಾವಳಿಯ ಅಡಿಗೆಮನೆ ನಡುವೆ ಕೆಂಪು ಗೆರೆ ಎಳೆದು ಹೋಗಿದ್ದರು. ಗೆದ್ದರೆ ಬಸ್ ಸ್ಟ್ಯಾಂಡಿನ ಕಡೆ ಜಾಗ ಹಿಡಿಯಬೇಕು, ಇಲ್ಲದಿದ್ದರೆ ಒಲೆ ಆರಿಸಬೇಕು. ಹೀಗಾಗಿ ನಾನು ಪಾಠವನ್ನು ಎರಡು ಸಲ ಮಾಡಿದೆ. ಏನೇ ಆದರೂ ಗಾಯಕರನ್ನು ಕರೀಬ್ಯಾಡ್ರಿ, ವಯಸ್ಸಾಗ್ಯದ, ಮಧ್ಯಾಹ್ನ ಆದರೆ ತೂಕಡಿಸ್ತಾರ ಅಂದೆ.

ಅಕ್ಕಾರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಲಕ್ಷ್ಯವೆಲ್ಲ ಕಾಲ ಹತ್ತಿರದ ಚೀಲದ ಮೇಲೆ. ಊಟದ ಬಿಡುವಿನಲ್ಲಿ ತಾರೆಯರು ಒಂದೊಂದು ತಟ್ಟೆ ಸೌತೆಕಾಯಿ ಹೋಳು ಹಿಡಿದು ಕೂತದ್ದು ಕಂಡು ಅವರಿಗೆ ಸಂಕಟವಾಯಿತು. "ಹಸದವ್ರ ತಲಿ ಓಡಂಗಿಲ್ಲ," ಅಂದವರೇ ಚೀಲ ಬಿಚ್ಚಿದರು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವರ್ಷಗಟ್ಟಲೆ ಹೊಟ್ಟೆ ಕಟ್ಟಿದ ಮಂದಿ. ನಟಿ ಬೆರಳು ನೆಕ್ಕಿದಳು. ಖಳನಟ ನಾಲ್ಕು ರೊಟ್ಟಿ ಮುಗಿಸಿ ಚೀಲದೊಳಗೆ ಇಣುಕಿ ನೋಡಿದ.

ಶೂಟಿಂಗ್ ಶುರುವಾಯಿತು. ಏಸಿಯ ತಣ್ಣನೆ ಗಾಳಿ, ಹೊಟ್ಟೆ ತುಂಬ ಊಟ. ಅಕ್ಕಾರು ಕೊನೆಯ ಪ್ರಶ್ನೆ ಮುಟ್ಟುವ ಹೊತ್ತಿಗೆ ಐದೂ ಕುರ್ಚಿ ನಿದ್ದೆ ಹೋಗಿದ್ದವು. ಪ್ರಶ್ನೆ, ಸೌರಮಂಡಲದ ಅತಿ ದೊಡ್ಡ ಗ್ರಹ ಯಾವುದು. ಒಂದು ಶನಿ, ಎರಡು ಗುರು, ಮೂರು ಶುಕ್ರ, ನಾಲ್ಕು ಮಂಗಳ. ನಮ್ಮ ಮನಿಗೆ ಬಂದದ್ದು ನೋಡಿದ್ರ ಶನಿನ ದೊಡ್ಡದು ಅನಸ್ತದ, ಆದ್ರೂ ಒಮ್ಮಿ ಹಿರಿಯಾರನ್ನ ಕೇಳ್ತೇನಿ ಅಂತ ಅಕ್ಕಾರು ಗಾಯಕರನ್ನೇ ಕರೆದರು. ನಾನು ಕಣ್ಣು ಮುಚ್ಚಿಕೊಂಡೆ.

ನಿರೂಪಕ ಎರಡು ಸಲ ಕೂಗಿದ. ಗಾಯಕರು ಕಣ್ಣು ತೆರೆಯಲಿಲ್ಲ. ಯೋಚನೆ ಮಾಡುತ್ತಿದ್ದಾರೆ ಅಂತ ಅವನೇ ಜನರಿಗೆ ಸಮಜಾಯಿಷಿ ಹೇಳಿದ. ಮೂರನೇ ಸಲ ಕೂಗಿದಾಗ ಅವರು ನಿದ್ದೆಯಲ್ಲೇ ಎಲೆ ಮೇಲೆ ಅಡ್ಡ ಹಿಡಿದಂತೆ ಕೈ ಚಾಚಿ, ಗಂಭೀರ ದನಿಯಲ್ಲಿ ಅಂದರು, "ಎರಡು ಸಾಕಮ್ಮಾ. ಎರಡು."

"ಹಿರಿಯಾರು ಹೇಳ್ಯಾರ, ಎರಡನೇದ ಇರ್ಲಿ," ಅಂದರು ಅಕ್ಕಾರು.

ದೀಪ ಹತ್ತಿದವು, ಬಣ್ಣದ ಕಾಗದ ಸುರಿದವು. ಚಪ್ಪಾಳೆಗೆ ಎಚ್ಚರವಾದ ಗಾಯಕರು ಸಂಗೀತ ಕಚೇರಿ ಮುಗಿಯಿತು ಅಂದುಕೊಂಡು ಎಲ್ಲರಿಗೂ ಕೈ ಮುಗಿದರು.

ಖಾನಾವಳಿ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಇದೆ. ಅವತ್ತು ರೈಲಿನಲ್ಲಿ ನಾನು, ಅಕ್ಕಾರ, ಇದು ಬರೇ ಅದೃಷ್ಟ ನೋಡ್ರಿ ಅಂದಿದ್ದೆ. ಅಕ್ಕಾರಿಗೆ ಸಿಟ್ಟು ಬಂತು.

"ಎಲ್ಲೀ ಅದೃಷ್ಟ?" ಅಂದರು. "ಹಿರಿಯಾರಿಗೆ ಮೂರನೇ ರೊಟ್ಟಿ ಹಾಕಾಕ ಕೈ ಎತ್ತಿದ್ದೆ. ವಯಸ್ಸಾದವ್ರು, ಅರಗಂಗಿಲ್ಲ ಅಂತ ವಿಚಾರ ಮಾಡಿ ಬಿಟ್ಟೆ. ಹಾಕಿದ್ರ ಶುಕ್ರ ಆಗಿ ಮುಳುಗಿ ಹೋಗ್ತಿದ್ದೆ."