ಎಷ್ಟು ಹಾಲು ಅಂತ ಕೇಳಬಾರದು

ದನದ ಆಸ್ಪತ್ರೆಯ ಕಾಂಪೌಂಡರ್ ಕೆಲಸದಲ್ಲಿ ದನಗಳಿಂದ ಏನೂ ತೊಂದರೆಯಿಲ್ಲ. ಒದೆಯುತ್ತವೆ, ಅಷ್ಟೇ. ಫಜೀತಿಯೆಲ್ಲ ಯಜಮಾನರಿಂದ. ಎಪ್ಪತ್ತರ ದಶಕದಲ್ಲಿ ಗದಗದ ಕಡೆಯಿಂದ ಯಲಹಂಕಕ್ಕೆ ವರ್ಗವಾಗಿ ಬಂದ ನನಗೆ ಇದು ಮೊದಲ ವಾರವೇ ಗೊತ್ತಾಯಿತು. ಆಗ ಅಲ್ಲಿ ರಾಗಿ ಹೊಲ, ದ್ರಾಕ್ಷಿ ತೋಟ, ಅನುಕೂಲಸ್ಥರ ಮನೆಗೊಂದು ಸೀಮೆಹಸು.

೧. ಕ್ಯಾನು

ಪುಟ್ಟೇನಹಳ್ಳಿಯ ಗೌಡರೊಬ್ಬರ ಹಸುವಿಗೆ ಔಷಧಿ ಕೊಡಲು ಹೋಗಿದ್ದೆ. "ಎಷ್ಟ್ ಹಾಲು ಕೊಡ್ತೈತ್ರೀ?" ಅಂದೆ. ಗೌಡರ ಮುಖ ಕಪ್ಪಿಟ್ಟಿತು. ಹಾಲಿನ ಅಳತೆ ಬಾಯಿಬಿಟ್ಟು ಹೇಳಿದರೆ ಹಸುವಿಗೆ ದೃಷ್ಟಿಯಾಗುತ್ತದೆ ಅಂತ ಅವರ ನಂಬಿಕೆ. ನನಗೇನು ಗೊತ್ತು!

"ಏನ್ ಕೊಡ್ತದೆ ಸೋಮಿ, ಕಾಪಿಗಾದ್ರೆ ಎಚ್ಚು."

ಬಾಗಿಲಲ್ಲಿ ಎರಡು ಕ್ಯಾನು ತುಂಬಿ ನಿಂತಿದ್ದವು. "ಮತ್ತ ಇದೇನ್ರೀ?"

"ಅದಾ? ಅದು ನೀರು!"

ಕ್ಯಾನು ಒಯ್ಯಲು ಬಂದಿದ್ದ ಡೈರಿಯವನು ನನ್ನ ಹಿಂದೆಯೇ ನಿಂತಿದ್ದ. "ನಂಗೂ ಅದೇ ಅನುಮಾನ ಇತ್ತು ಗೌಡ್ರೇ," ಅಂದ.

೨. ಮೈಕು

ಊರಲ್ಲಿ ಹಾಲು ಕರೆಯುವ ಸ್ಪರ್ಧೆ ಇಟ್ಟರು. ಒಂದೇ ಹಸುವಿನ ಮೇಲೆ ಸಂಸಾರ ತೂಗಿಸುತ್ತಿದ್ದ ಅಜ್ಜಿಯೊಬ್ಬರನ್ನು ನಾನೇ ಕಾಡಿ ಬೇಡಿ ಒಪ್ಪಿಸಿದೆ. ಬುದ್ಧಿವಂತ ನೋಡಿ ನಾನು!

ಅಜ್ಜಿ ಕರೆದ ಹಾಲಿನ ಬಕೆಟ್ಟಿನ ಮೇಲೆ ಸೆರಗು ಮುಚ್ಚಿ ಕೂತುಬಿಟ್ಟರು. "ನೋಡದೆ ಅಳೆಯೋದು ಹೆಂಗಜ್ಜಿ?" ಅಂದರು ತೀರ್ಪುಗಾರರು.

"ಕಣ್ ಮುಚ್ಕೊಂಡ್ ಅಳೀರಪ್ಪ."

ಕೊನೆಗೆ ಅಳೆದರು. ಮೈಕಿನವನು ಊರಿಗೆಲ್ಲ ಕೇಳುವಂತೆ, "ಅಜ್ಜಿ ಹಸು ಹನ್ನೆರಡು ಲೀಟರ್! ಮೊದಲನೇ ಬಹುಮಾನ!" ಅಂತ ಕೂಗಿದ. ಅಜ್ಜಿ ಬಹುಮಾನದ ಹಿತ್ತಾಳೆ ಕೊಡವನ್ನು ಕಂಕುಳಲ್ಲಿ ಭದ್ರವಾಗಿ ಇರುಕಿಕೊಂಡು ಅವನ ಮೇಲೇ ಹೋದರು.

"ಸುಳ್ಳು ಅಂತ ಏಳಪ್ಪಾ!"

"ಹಂಗಾದ್ರೆ ಕೊಡ?"

"ಕೊಡ ನಿಜ ಕಣಪ್ಪ. ಆಲು ಸುಳ್ಳು."

೩. ಮೆಣಸಿನಕಾಯಿ

ಸ್ಪರ್ಧೆಯಾದ ಮೂರನೇ ದಿನ ಬೆಳಿಗ್ಗೆ ಅಜ್ಜಿ ಅಳುತ್ತಾ ಆಸ್ಪತ್ರೆಗೆ ಬಂದರು. ಹಸು ಮಲಗಿದ್ದು ಏಳುತ್ತಿಲ್ಲ. ಸ್ಪರ್ಧೆಗೆ ಎಳೆದವನು ನಾನೇ ತಾನೆ? ಹಸು ಹೋದರೆ ಆ ಮನೆಯ ಗತಿಯೇನು? ಡಾಕ್ಟರು, ನಾನು ಸೈಕಲ್ ತುಳಿದುಕೊಂಡು ಓಡಿದೆವು.

ಡಾಕ್ಟರು ಹಸುವನ್ನು ಮುಟ್ಟಿ ನೋಡಿ, "ಹಾಲು ಜ್ವರ, ಬೇಗ ಕ್ಯಾಲ್ಸಿಯಂ ಬಾಟ್ಲಿ ಏರಿಸ್ಬೇಕು," ಅಂದರು. ಅಜ್ಜಿ ಅಡ್ಡ ನಿಂತರು.

"ಮೊದ್ಲು ದೃಷ್ಟಿನಾ ಅಂತ ನೋಡ್ಬೇಕು. ದೃಷ್ಟಿಗೆ ಸೂಜಿ ಚುಚ್ಚುದ್ರೆ ಅಸು ಉಳಿಯಾಕಿಲ್ಲ. ಸ್ಪರ್ಧೆಗ್ ಕರ್ದೋನು ನೀನು, ನೀನೇ ನಿವಾಳ್ಸು!"

ಡಾಕ್ಟರು ಹಲ್ಲು ಕಚ್ಚಿ, "ಬೇಗ ಮಾಡಿ ಮುಗಿಸಯ್ಯಾ," ಅಂದರು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಹಸುವಿಗೆ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದೆ. ದೃಷ್ಟಿಯಾಗಿದ್ದರೆ ಘಾಟು ಬರಬಾರದು, ಅದು ಲೆಕ್ಕ. ಅಯ್ಯೋ ಶಿವನೇ, ಎಂಥ ಘಾಟು! ಡಾಕ್ಟರು ಕೆಮ್ಮುತ್ತಾ ಅಂಗಳಕ್ಕೆ ಓಡಿದರು. ನನ್ನ ಕಣ್ಣು ಉರಿದುಹೋಯಿತು.

ಅಜ್ಜಿ ಕೆಮ್ಮುತ್ತಲೇ ಕೈಮುಗಿದರು. "ಸದ್ಯ, ದೃಷ್ಟಿ ಅಲ್ಲ, ಬರೀ ಕಾಯ್ಲೆ! ಬನ್ನಿ ಡಾಕ್ಟ್ರೇ, ಚುಚ್ಚಿ."

ಡಾಕ್ಟರು ಕಣ್ಣೊರೆಸಿಕೊಂಡು ಬಾಟ್ಲಿ ಏರಿಸಿದರು. ಗಂಟೆಯೊಳಗೆ ಹಸು ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ನನಗೆ ಹೋದ ಜೀವ ಬಂತು. ಡಾಕ್ಟರು ಹೆಮ್ಮೆಯಿಂದ, "ನೋಡಿದ್ರಾ ಅಜ್ಜಿ, ನಮ್ಮ ಔಷಧಿ?" ಅಂದರು.

ಅಜ್ಜಿ ಪ್ರೀತಿಯಿಂದ ನನ್ನ ಬೆನ್ನು ಸವರಿದರು.

"ಸೂಜಿ ಯಾರಾದ್ರೂ ಚುಚ್ತಾರೆ ಬುಡಪ್ಪ. ಕಾಯ್ಲೆ ಕಂಡಿಡ್ದಿದ್ದು ನಿಮ್ ಕಾಂಪೌಂಡ್ರು!"