ಬಾಗಿಲ ಸೀರೆಗೆ ಉತ್ತರ ಕೊಟ್ಟವಳು

ಮಕ್ಕಳು ಮಾತು ಕೇಳದಿದ್ದರೆ ನನಗೆ ಭಯವಿಲ್ಲ. ಬೆನ್ನಿಗೆ ಎರಡು ಬಿಟ್ಟರೆ ಕೇಳುತ್ತವೆ. ಆಡದ ಮಾತನ್ನೇ ಕೇಳತೊಡಗಿದರೆ ಏನು ಮಾಡಬೇಕೋ ತಿಳಿಯದು. ನಾನು ಕಲಿತದ್ದು ಎರಡನೆಯ ಇಯತ್ತೆ. ಅದರಲ್ಲಿ ಈ ಪಾಠ ಇರಲಿಲ್ಲ.

ಇಚಲಕರಂಜಿಯಲ್ಲಿ ನಮ್ಮ ಮನೆಯೊಳಗೇ ಕರೆಂಟಿನ ಮಗ್ಗಗಳಿವೆ. ಅವು ಬಡಿದುಕೊಳ್ಳುವಾಗ ಕೂಗಿದರೆ ಗಂಟಲು ಹೋಗುತ್ತದೆ, ಮಾತು ಮುಟ್ಟುವುದಿಲ್ಲ. ಅದಕ್ಕೇ ನಾವು ದನಿ ತೆಗೆಯದೆ ಬರೀ ತುಟಿಯಲ್ಲಿ ಮಾತಾಡುತ್ತೇವೆ. ಮೊಮ್ಮಗಳು ಶ್ರಾವಣಿ ಶಾಲೆಗೆ ಹೋಗುವ ಮೊದಲೇ ಅದನ್ನು ಕಲಿತವಳು. ಅಂಥವಳು ಈಚೆಗೆ ನಾನು ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರೆ ಕಣ್ಣು ಕಿರಿದು ಮಾಡಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಸೊಕ್ಕು ಎಂದುಕೊಂಡೆ. ಒಂದು ಮಧ್ಯಾಹ್ನ ನಾನು ನೂಲಿನ ಮೂಟೆಯ ಪಕ್ಕದಲ್ಲಿದ್ದೆ. ಅವಳು ದೂರದ ಬಾಗಿಲಿನತ್ತ ತಲೆಯಾಡಿಸಿ, "ಹೂಂ ಆಯಿ, ಬಂದೆ" ಎಂದು ತುಟಿಯಾಡಿಸಿದಳು. ಬಾಗಿಲಲ್ಲಿ ಒಣಹಾಕಿದ ನನ್ನ ಸೀರೆ ಗಾಳಿಗೆ ಅಲ್ಲಾಡುತ್ತಿತ್ತು. ಒಂದು ಗಳಿಗೆ, ನಾನು ಅಲ್ಲೇ ನಿಂತಿದ್ದೇನೆಂದು ನನಗೂ ಅನ್ನಿಸಿತು.

ನೆರೆಯ ಗಂಗವ್ವ, "ಏನೋ ಮೆಟ್ಟಿಕೊಂಡೈತಿ, ನಿಂಬಿಹಣ್ಣ ಇಳಸ್ರಿ" ಅಂದಳು. ಇಳಿಸಿದೆ. ಮರುದಿನವೂ ಸೀರೆಗೇ ಉತ್ತರ. ಸೊಸೆ ನನ್ನ ಮಾತು ಕೇಳದೆ ಅವಳನ್ನು ಕೊಲ್ಹಾಪುರದ ಕಣ್ಣಿನ ಡಾಕ್ಟರ ಹತ್ತಿರ ಒಯ್ದಳು. ನಾನೂ ಹೋದೆ, ಜಗಳಕ್ಕೆ.

"ದೂರಂದು ಕಾಣಂಗಿಲ್ಲರಿ ಅಜ್ಜಿ," ಅಂದಳು ಡಾಕ್ಟರಮ್ಮ. "ಬಂದ ಚಷ್ಮಾದ ನಂಬರ ಹೋಗಂಗಿಲ್ಲ. ಹಿಂಗ ಏರಕೋಂತ ಹೋದ್ರ ಮುಂದ ಕಣ್ಣಿನ ಹಿಂದಿನ ಪರದೆಕ್ಕ ಅಪಾಯ ಐತಿ. ಏರೂದನ್ನ ನಿಧಾನ ಮಾಡಬಹುದು. ಹಾಕಿದ ಚಷ್ಮಾ ತಗೀಬಾರದು, ಮಲಗೂಮುಂದ ಹನಿ ಔಷಧ ಹಾಕ್ರಿ, ದಿನಾ ಹಗಲಬೆಳಕಿನಾಗ ಹೊರಗ ಆಡಾಕ ಬಿಡ್ರಿ."

"ಬಿಸಲಾಗ ಕರ್ರಗಾಗತಾಳ. ಯಾರ ಮಾಡ್ಕೋತಾರ ಆಕೀನ್ನ?"

"ಬೆಳ್ಳಗಿರೂ ಮೊಮ್ಮಗಳ ಬೇಕೋ, ನಿಮ್ಮ ಗುರತ ಹಿಡಿಯೂ ಮೊಮ್ಮಗಳ ಬೇಕೋ?"

ಸೀರೆ ನೆನಪಾಗಿ ಹನಿ ಔಷಧದ ಚೀಟಿಗೆ ಕೈ ಚಾಚಿದೆ.

ಹನಿ ಹಾಕುವ ಕೆಲಸ ನನ್ನದಾಯಿತು. ಕತ್ತಲ ಮೂಲೆಯಲ್ಲಿ ಕೂಡುತ್ತಿದ್ದವಳನ್ನು ದಿನಾ ಅಂಗಳಕ್ಕೆ ಅಟ್ಟಿದೆ. ಮುಂದಿನ ತಪಾಸಣೆಯಲ್ಲಿ ನಂಬರು ಇದ್ದಲ್ಲೇ ಇತ್ತು. ಡಾಕ್ಟರಮ್ಮ, "ಹಿಂಗ ನಡೀಲಿ, ಬಿಡಬ್ಯಾಡ್ರಿ" ಅಂದಳು.

ಆದರೆ ಚಷ್ಮಾದ ಕಣ್ಣಿಗೆ ಈಗ ಅಂಗಳದಿಂದಲೂ ಎಲ್ಲ ಕಾಣುತ್ತದೆ, ನನ್ನ ತುಟಿ ಕೂಡ. ಮೊನ್ನೆ ಆಟ ಬಿಟ್ಟು ಒಳಗೆ ಬಂದು ಕೇಳಿದಳು, "ಆಯಿ, ಮಗ್ಗದ ಮುಂದ ನಿಂತು ಅಜ್ಜಗ ಯಾಕ ಬೈಯಾಕತ್ತಿದ್ದಿ?"

ಅವಳ ಅಜ್ಜ ತೀರಿದ್ದು ಅವಳು ಹುಟ್ಟುವ ಮೊದಲು.

"ಎಲ್ಲಿ ಬೈದೆ? ಸುಮ್ನಿರ."

"ಬೈದಿ. ಆಮ್ಯಾಲ ಅವನ ಮಾತ ಮುಗಿಯೂತನಾ ತಡದಿ. ಮತ್ತ ಬೈದಿ."

ಹುಡುಗಿಯ ಕಣ್ಣಿಗೆ ಕಂಡದ್ದು ಸಾಕು. ಈಗ ನಾನು ಅವನೊಂದಿಗೆ ಮಾತಾಡುವಾಗ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ.